ಕರೆಗೊಂದು ಸಾಲು: ವ್ಯಾಪಾರಕ್ಕೆ ಇಂಟರ್‌ನೆಟ್ ಫೋನ್ ಹಾಕಿಸುವ ಮುನ್ನ

ಎಸ್‌ಟಿಡಿ ಬೂತಿನಲ್ಲಿ ನಿಂತು ಮಾತಾಡಿದವರಿಗೆ ಆ ಕೆಂಪು ಅಂಕಿಗಳು ನೆನಪಿರುತ್ತವೆ. ಆ ಕಡೆಯವರು ಫೋನ್ ಎತ್ತಿದ ಕೂಡಲೇ ಮೀಟರ್ ಓಡಲು ಶುರುವಾಗುತ್ತಿತ್ತು. ಬಾಯಿ ಊರಿನ ಸಮಾಚಾರ ಕೇಳುತ್ತಿದ್ದರೂ ಕಣ್ಣು ಮೀಟರಿನ ಮೇಲೆಯೇ ಇರುತ್ತಿತ್ತು. ರಿಸೀವರ್ ಇಟ್ಟ ಮೇಲೆ ಪುಟ್ಟ ಪ್ರಿಂಟರಿನಿಂದ ಒಂದು ಚೀಟಿ ಹೊರಬರುತ್ತಿತ್ತು. ಯಾವ ನಂಬರು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಎಷ್ಟು ಪಲ್ಸ್, ಎಷ್ಟು ರೂಪಾಯಿ ಎಲ್ಲವೂ ಅದರಲ್ಲಿ. ಬೂತಿನವರೂ ನಾವೂ ನೋಡುತ್ತಿದ್ದುದು ಅದೇ ಚೀಟಿಯನ್ನು. ಹಾಗಾಗಿ ಜಗಳಕ್ಕೆ ಎಡೆಯೇ ಇರಲಿಲ್ಲ.

ಇವತ್ತು ಅಂಗಡಿ, ಆಸ್ಪತ್ರೆ, ಲಾಡ್ಜ್, ಆಡಿಟರ್ ಕಚೇರಿಗಳಲ್ಲೆಲ್ಲ ಕಚೇರಿಯ ಫೋನುಗಳನ್ನು ಕೂಡಿಸುವ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆ ಇಳಿಸಿ ಇಂಟರ್‌ನೆಟ್ ಮೇಲೆ ನಡೆಯುವ ಫೋನ್ ವ್ಯವಸ್ಥೆ ಹಾಕಿಸುತ್ತಿದ್ದಾರೆ. ಒಳ್ಳೆಯ ಬದಲಾವಣೆ. ಆದರೆ ಹಾಕಿಸುವವರಲ್ಲಿ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತದೆ? ಯಾವಾಗ ಮುಗಿಸಿಕೊಡ್ತೀರಿ? ಆ ಬೂತಿನ ಚೀಟಿ ಎಲ್ಲಿ ಸಿಗುತ್ತದೆ ಎಂದು ಕೇಳುವವರು ಅಪರೂಪ. ಈ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾಗಿರುವ ಮಾತು ಒಂದೇ. ಕರೆಗೊಂದು ಸಾಲು ನಿಮ್ಮ ಕೈಗೆ ಸಿಗುವಂತಿದ್ದರೆ, ಅದನ್ನು ನೀವೇ ಓದಬಲ್ಲಿರಾದರೆ, ಮಿಕ್ಕದ್ದನ್ನೆಲ್ಲ ಸರಿಪಡಿಸಿಕೊಳ್ಳಬಹುದು. ಆ ಸಾಲೇ ಸಿಗದಿದ್ದರೆ ಎಷ್ಟು ದುಬಾರಿ ವ್ಯವಸ್ಥೆ ಹಾಕಿಸಿದರೂ ನೀವು ಕತ್ತಲಲ್ಲಿದ್ದಂತೆಯೇ.

ಪೆಟ್ಟಿಗೆಯ ಒಳಗೆ ಇರುವುದೇನು?

ಹೆಸರುಗಳಿಗೆ ಹೆದರಬೇಕಿಲ್ಲ. ಐಪಿ ಪಿಬಿಎಕ್ಸ್, ಸಾಫ್ಟ್‌ಸ್ವಿಚ್, ಕ್ಲೌಡ್ ಟೆಲಿಫೋನಿ ಎಂದು ಏನೇ ಕರೆದರೂ ಒಳಗಿರುವ ಕೆಲಸ ನಾಲ್ಕು.

ಮೊದಲನೆಯದು ಸ್ವಿಚಿಂಗ್. ಹಿಂದೆ ಆಪರೇಟರ್ ಬಳ್ಳಿ ಚುಚ್ಚಿ ಮಾಡುತ್ತಿದ್ದ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಯಾರ ಕರೆ, ಯಾರಿಗೆ ಹೋಗಬೇಕು, ಅವರು ಎತ್ತದಿದ್ದರೆ ಮುಂದೆ ಯಾರಿಗೆ ಎಂಬುದನ್ನು ಅದು ನಿರ್ಧರಿಸುತ್ತದೆ. ಎರಡನೆಯದು ಟ್ರಂಕ್, ಅಂದರೆ ಹೊರಜಗತ್ತಿಗೆ ಹೋಗುವ ದಾರಿ. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ, ಟಾಟಾ ಟೆಲಿಸರ್ವಿಸಸ್‌ನಂಥ ಪರವಾನಗಿ ಪಡೆದ ಕಂಪನಿಗಳು ಇದನ್ನು ಸಿಪ್ ಟ್ರಂಕ್ ರೂಪದಲ್ಲಿ ಕೊಡುತ್ತವೆ. ಹಳೆಯ ಪಿಆರ್‌ಐ ಲೈನಿನಲ್ಲಿ 30 ಚಾನೆಲ್ ಒಟ್ಟಿಗೇ ಬರುತ್ತಿದ್ದವು. ಸಿಪ್ ಟ್ರಂಕಿನಲ್ಲಿ ಬೇಕಾದಷ್ಟೇ ಕೇಳಬಹುದು. ಮೂರನೆಯದು ಮೇಜಿನ ಮೇಲಿನ ಫೋನ್. ಅದು ಐಪಿ ಫೋನ್ ಆಗಿರಬಹುದು, ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಹಾಕಿದ ಆ್ಯಪ್ ಆಗಿರಬಹುದು. ಹಳೆಯ ಫೋನುಗಳನ್ನೇ ಉಳಿಸಿಕೊಳ್ಳಬೇಕೆಂದರೆ ನಡುವೆ ಒಂದು ಗೇಟ್‌ವೇ ಇಟ್ಟರಾಯಿತು. ನಾಲ್ಕನೆಯದು ಬಿಲ್ಲಿಂಗ್. ಪ್ರತಿ ಕರೆಗೂ ಒಂದು ಸಾಲು ಬರೆದು, ಅದಕ್ಕೆ ದರ ಹಚ್ಚಿ, ಯಾರ ಲೆಕ್ಕಕ್ಕೆ ಹೋಗಬೇಕೋ ಅವರ ಖಾತೆಗೆ ಹಾಕುವ ಭಾಗ ಅದು.

ಫೋನುಗಳು ಪರಸ್ಪರ ಕರೆಯುವ, ಎತ್ತುವ, ಇಡುವ ಭಾಷೆಗೆ ಸಿಪ್ ಎಂದು ಹೆಸರು. ಈಗ ಬಳಕೆಯಲ್ಲಿರುವ ಅದರ ಮುಖ್ಯ ನಿಯಮಾವಳಿ 2002ರದ್ದು. ಸಿಪ್ ಕರೆಯನ್ನು ಕೂಡಿಸುತ್ತದೆ ಅಷ್ಟೆ, ದನಿ ಹೋಗುವುದು ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದಂತೆ. ‘ರಿಂಗ್ ಆಗುತ್ತೆ, ಎತ್ತುತ್ತಾರೆ, ಆದರೆ ನಮ್ಮ ಮಾತು ಅವರಿಗೆ ಕೇಳಿಸಲ್ಲ’ ಎಂಬ ದೂರು ಬಂದರೆ ಸಿಪ್ ಸರಿಯಿದೆ, ದನಿಯ ದಾರಿ ರೂಟರಿನಲ್ಲಿ ಎಲ್ಲೋ ಕಟ್ಟಿಕೊಂಡಿದೆ ಎಂದೇ ಹೆಚ್ಚಾಗಿ ಅರ್ಥ. ಅನೇಕ ರೂಟರುಗಳಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯ ಮೊದಲೇ ಚಾಲೂ ಇರುತ್ತದೆ. ಸಹಾಯಕ್ಕೆಂದು ಇಟ್ಟದ್ದಾದರೂ ಅದು ಮಾಡುವುದು ಹೆಚ್ಚಾಗಿ ಉಪದ್ರವವನ್ನೇ. ಮೊದಲು ಅದನ್ನು ಆಫ್ ಮಾಡಿ ನೋಡಿ.

ಇದು ನಮಗೆ ಹೊಸ ನಂಟಲ್ಲ

ಫೋನ್ ಎಕ್ಸ್‌ಚೇಂಜಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1948ರಲ್ಲಿ ಬೆಂಗಳೂರಿನಲ್ಲಿ ದೂರವಾಣಿ ಉಪಕರಣ ಮಾಡುವ ಐಟಿಐ ಕಾರ್ಖಾನೆ ಶುರುವಾಯಿತು. ಅದರ ಸುತ್ತ ಬೆಳೆದ ಊರಿಗೆ ಇಂದಿಗೂ ದೂರವಾಣಿ ನಗರ ಎಂದೇ ಹೆಸರು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು ಒಂದು ಚಿಕ್ಕ ಎಕ್ಸ್‌ಚೇಂಜ್ ರೂಪಿಸಿತು. ಎಸಿ ಬೇಡ, ಧೂಳು ಬಿಸಿಲು ತಡೆಯಬೇಕು, 128 ಲೈನಿನ ಕೆಲಸ ಮಾಡಬೇಕು ಎಂಬುದು ಅದರ ಗುರಿ. ಆ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ.

ಆಗ ಒಂದು ಊರಿನ ಎಕ್ಸ್‌ಚೇಂಜ್ ಮಾಡುತ್ತಿದ್ದ ಕೆಲಸವನ್ನು ಈಗ ಅಂಗೈಯಗಲದ ಕಂಪ್ಯೂಟರ್ ಮಾಡುತ್ತದೆ. ಈ ತಿರುವಿಗೆ ಕಾರಣರಾದವರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮಾರ್ಕ್ ಸ್ಪೆನ್ಸರ್ ಒಬ್ಬರು. 1999ರಲ್ಲಿ ಅವರ ಪುಟ್ಟ ಕಂಪನಿಗೆ ಒಂದು ಪಿಬಿಎಕ್ಸ್ ಬೇಕಿತ್ತು, ಕೊಳ್ಳುವಷ್ಟು ಹಣವಿರಲಿಲ್ಲ. ತಾವೇ ಸಾಫ್ಟ್‌ವೇರ್ ಬರೆದರು, ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಅದೇ ಆಸ್ಟರಿಸ್ಕ್. ನಿಮಗೆ ಮಾರಾಟಕ್ಕೆ ಬರುವ ಎಷ್ಟೋ ಬ್ರ್ಯಾಂಡಿನ ಪೆಟ್ಟಿಗೆಗಳ ಒಳಗೆ ಓಡುತ್ತಿರುವುದು ಇದೇ. 2006ರಲ್ಲಿ ಬಂದ ಫ್ರೀಸ್ವಿಚ್ ಕೂಡ ಇದೇ ಬಗೆಯ ಮುಕ್ತ ತಂತ್ರಾಂಶ. ಆದ್ದರಿಂದ ‘ನಮ್ಮದೇ ವಿಶೇಷ ತಂತ್ರಜ್ಞಾನ’ ಎಂದು ಯಾರಾದರೂ ಹೇಳಿದರೆ ಒಳಗೆ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಮೂರು ದಾರಿ

ಒಂದು, ಸಿದ್ಧ ಪೆಟ್ಟಿಗೆ. ಫೋನ್ ಉಪಕರಣದ ಕಂಪನಿಗಳು ಮಾಡಿಕೊಡುವ ಐಪಿ ಪಿಬಿಎಕ್ಸ್ ಪೆಟ್ಟಿಗೆಯನ್ನು ತಂದು ಗೋಡೆಗೆ ಹೊಡೆದು, ಲೈನ್ ಕೊಟ್ಟರೆ ಆಯಿತು. 10ರಿಂದ 50 ಜನರ ಕಚೇರಿಗೆ, ಹತ್ತಿರದಲ್ಲೇ ರಿಪೇರಿಯವರು ಸಿಗುವ ಊರಿಗೆ ಇದು ಅನುಕೂಲ. ಬಿಲ್ಲಿಂಗ್ ಮಾತ್ರ ಇವುಗಳಲ್ಲಿ ಹೆಚ್ಚಾಗಿ ಸಪ್ಪೆ. ಕರೆಗಳ ಪಟ್ಟಿ ಕೊಡುತ್ತವೆ, ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಎರಡು, ಮುಕ್ತ ತಂತ್ರಾಂಶ. ಆಸ್ಟರಿಸ್ಕ್ ಮೇಲೆ ಫ್ರೀಪಿಬಿಎಕ್ಸ್ ಹಾಕಿದರೆ ಬ್ರೌಸರಿನಲ್ಲೇ ಎಲ್ಲ ನಡೆಸಬಹುದು. ಆಸ್ಟರಿಸ್ಕ್‌ಗೆ ಎ2ಬಿಲ್ಲಿಂಗ್, ಫ್ರೀಸ್ವಿಚ್‌ಗೆ ಎಎಸ್‌ಟಿಪಿಪಿ ಎಂಬ ಬಿಲ್ಲಿಂಗ್ ತಂತ್ರಾಂಶಗಳಿವೆ. ಲೈಸೆನ್ಸ್ ಹಣ ಉಳಿಯುತ್ತದೆ, ಆದರೆ ಉಳಿದ ಹಣದ ಒಂದು ಪಾಲನ್ನು ಗೊತ್ತಿದ್ದವರ ಸೇವೆಗೆ ಎತ್ತಿಡಲೇಬೇಕು. ನೋಡಿಕೊಳ್ಳುವವರಿಲ್ಲದ ಆಸ್ಟರಿಸ್ಕ್ ಬೇಲಿಯಿಲ್ಲದ ಹೊಲವಿದ್ದಂತೆ.

ಮೂರು, ಕ್ಲೌಡ್ ಟೆಲಿಫೋನಿ. ನಿಮ್ಮಲ್ಲಿ ಪೆಟ್ಟಿಗೆಯೇ ಇರುವುದಿಲ್ಲ. ಸ್ವಿಚಿಂಗ್ ಎಲ್ಲ ಸೇವಾ ಕಂಪನಿಯ ಕಂಪ್ಯೂಟರಿನಲ್ಲಿ, ನಿಮಗೆ ಒಂದು ನಂಬರು ಮತ್ತು ಒಂದು ಲಾಗಿನ್. ಬೆಂಗಳೂರಿನ ಎಕ್ಸೋಟೆಲ್‌ನಂಥ ಕಂಪನಿಗಳು ಈ ಕೆಲಸ ಮಾಡುತ್ತವೆ. ಸಿಬ್ಬಂದಿ ಮೊಬೈಲಿನಲ್ಲೇ ಉತ್ತರಿಸುವ, ಊರೂರು ತಿರುಗುವ ವ್ಯಾಪಾರಕ್ಕೆ ಇದು ಹೇಳಿ ಮಾಡಿಸಿದಂತಿದೆ. ಸೇರುವ ಮುನ್ನ ಎರಡು ವಿಷಯ ಬರವಣಿಗೆಯಲ್ಲಿ ಪಡೆಯಿರಿ. ನಂಬರು ಯಾರ ಹೆಸರಿನಲ್ಲಿರುತ್ತದೆ, ನೀವು ಬಿಟ್ಟು ಹೋಗುವಾಗ ಅದು ನಿಮ್ಮ ಜೊತೆ ಬರುತ್ತದೆಯೇ ಎಂಬುದು ಮೊದಲನೆಯದು. ಹತ್ತು ವರ್ಷ ಬೋರ್ಡಿನ ಮೇಲೆ ಬರೆಸಿದ ನಂಬರು ಕಳೆದುಕೊಳ್ಳುವುದೆಂದರೆ ಅಂಗಡಿಯ ಜಾಗವನ್ನೇ ಕಳೆದುಕೊಂಡಂತೆ. ಕರೆಗಳ ಪೂರ್ತಿ ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದೇ ಎಂಬುದು ಎರಡನೆಯದು.

ಲೈನ್ ಸಾಕೇ? ಚಾನೆಲ್ ಎಷ್ಟು?

ಒಂದು ಸೆಕೆಂಡಿನ ಮಾತನ್ನು ಸಾಮಾನ್ಯವಾಗಿ 50 ಪೊಟ್ಟಣಗಳಾಗಿ ಕತ್ತರಿಸಿ ಕಳಿಸಲಾಗುತ್ತದೆ. ದನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಎಂಬ ಸಾಮಾನ್ಯ ಕೋಡೆಕ್‌ನಲ್ಲಿ ಬರೀ ದನಿಗೆ 64 ಕೆಬಿಪಿಎಸ್ ಬೇಕು. ಪ್ರತಿ ಪೊಟ್ಟಣಕ್ಕೂ ವಿಳಾಸದ ಚೀಟಿ ಅಂಟಿಸಬೇಕಲ್ಲ, ಅದೂ ಸೇರಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸುಮಾರು 87 ಕೆಬಿಪಿಎಸ್ ಆಗುತ್ತದೆ. ಏಕಕಾಲಕ್ಕೆ 10 ಕರೆ ನಡೆದರೆ ಹೋಗಲು ಒಂದು ಎಂಬಿಪಿಎಸ್‌ಗೆ ಸ್ವಲ್ಪ ಕಡಿಮೆ, ಬರಲು ಅಷ್ಟೇ. ಈಗಿನ ಫೈಬರ್ ಲೈನಿಗೆ ಇದು ಏನೇನೂ ಅಲ್ಲ. ಲೈನ್ ತೀರಾ ಚಿಕ್ಕದಿದ್ದರೆ ಜಿ.729 ಕೋಡೆಕ್ ಹಾಕಿದರೆ ಅದರ ಸುಮಾರು ಮೂರನೇ ಒಂದು ಭಾಗದಲ್ಲಿ ಮುಗಿಯುತ್ತದೆ.

ಹಾಗಾದರೆ ದನಿ ಒಡೆಯುವುದು ಏಕೆ? ಪೊಟ್ಟಣಗಳು ಒಂದೇ ಲಯದಲ್ಲಿ ಬಾರದಿರುವುದರಿಂದ. ಪಂಕ್ತಿಯಲ್ಲಿ ಅನ್ನ ಬಡಿಸಿ ಆಗಿದೆ, ಸಾರಿನವರು ಇನ್ನೂ ಆ ತುದಿಯಲ್ಲೇ ಇದ್ದಾರೆ ಎನ್ನುವ ಹಾಗೆ. ಅಕೌಂಟೆಂಟ್ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಲು ಕೂತರೆ ದನಿಯ ಪೊಟ್ಟಣಗಳು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ರೂಟರಿನಲ್ಲಿ ದನಿಗೆ ಮೊದಲ ದಾರಿ ಬಿಡುವ ಸೆಟ್ಟಿಂಗ್ ಮಾಡಿಸಿದರೆ ಇದು ಹೋಗುತ್ತದೆ. ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಅದಕ್ಕಿಂತ ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವ ಕಿರಿಕಿರಿ ಶುರುವಾಗುತ್ತದೆ.

ಕರೆಂಟಿನ ವಿಷಯ ಮರೆಯಬೇಡಿ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನ್ ಕೆಲಸ ಮಾಡುತ್ತಿತ್ತು. ಈಗ ಹಾಗಲ್ಲ. ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್, ಫೋನ್ ಈ ನಾಲ್ಕರಲ್ಲಿ ಯಾವುದು ಆರಿದರೂ ಕರೆ ಸತ್ತಂತೆ. ನೆಟ್‌ವರ್ಕ್ ಕೇಬಲಿನಲ್ಲೇ ಫೋನಿಗೆ ಕರೆಂಟ್ ಕೊಡುವ ಪಿಓಇ ಸ್ವಿಚ್ ಹಾಕಿಸಿದರೆ ಒಂದೇ ಯುಪಿಎಸ್ ಎಲ್ಲವನ್ನೂ ಕಾಯುತ್ತದೆ.

ಇನ್ನು ಚಾನೆಲ್. ಒಂದೇ ಹೊತ್ತಿಗೆ ಎಷ್ಟು ಹೊರಗಿನ ಕರೆ ನಡೆಯಬಹುದು ಎಂಬುದೇ ಚಾನೆಲ್ ಸಂಖ್ಯೆ. ಇಲ್ಲಿ ಅಂದಾಜು ತಪ್ಪುವುದು ಸುಲಭ. ನಿಮ್ಮ ಬಿಡುವಿಲ್ಲದ ಗಂಟೆಯಲ್ಲಿ 60 ಕರೆ, ಒಂದೊಂದು ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳಿ. ಒಟ್ಟು 180 ನಿಮಿಷದ ಮಾತು 60 ನಿಮಿಷದಲ್ಲಿ ಆಗಬೇಕು, ಅಂದರೆ ಸರಾಸರಿ 3 ಲೈನ್ ಸದಾ ತುಂಬಿರುತ್ತವೆ. ಹಾಗೆಂದು ಮೂರೇ ಚಾನೆಲ್ ತಂದರೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಗಿರಾಕಿಗಳಿಗೆ ಎಂಗೇಜ್ ಸದ್ದು ಕೇಳಿಸುತ್ತದೆ. ಕರೆಗಳು ಸರದಿಯಲ್ಲಿ ಬರುವುದಿಲ್ಲ, ಒಮ್ಮೊಮ್ಮೆ ನುಗ್ಗಿ ಬರುತ್ತವೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಮರಳಿ ಹೋಗಬಾರದು ಎಂದಾದರೆ ಇಷ್ಟು ಕರೆಗೆ 8 ಚಾನೆಲ್ ಬೇಕು. ಎರ್ಲಾಂಗ್ ಲೆಕ್ಕ ಮಾಡಿಕೊಡುವ ಕ್ಯಾಲ್ಕ್ಯುಲೇಟರುಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಕೊಳ್ಳುವ ಮುನ್ನ ಒಂದು ವಾರ ನಿಮ್ಮ ಕರೆಗಳನ್ನು ಎಣಿಸಿ, ಅದರಲ್ಲಿ ಹಾಕಿ ನೋಡಿ.

ಒಂದು ಸಾಲು ಓದುವುದು ಹೇಗೆ?

ಈಗ ಬಿಲ್ಲಿಂಗ್ ವಿಷಯಕ್ಕೆ ಬರೋಣ. ವ್ಯವಸ್ಥೆ ಬರೆದಿಡುವ ಕರೆಯ ಸಾಲಿಗೆ ಸಿಡಿಆರ್ ಎನ್ನುತ್ತಾರೆ, ಅಂದರೆ ಕರೆಯ ವಿವರದ ದಾಖಲೆ. ಒಂದು ಸಾಲನ್ನು ಹತ್ತಿರದಿಂದ ನೋಡೋಣ. 104ನೇ ಎಕ್ಸ್‌ಟೆನ್ಷನ್ನಿನಿಂದ ಒಂದು ಮೊಬೈಲಿಗೆ ಕರೆ. ಡಯಲ್ ಮಾಡಿದ್ದು 10:42:07ಕ್ಕೆ. ಆ ಕಡೆಯವರು ಎತ್ತಿದ್ದು 10:42:19ಕ್ಕೆ. ಇಟ್ಟದ್ದು 10:43:24ಕ್ಕೆ. ಸಾಲಿನಲ್ಲಿ ಎರಡು ಅವಧಿ ಇರುತ್ತವೆ. ಒಟ್ಟು ಅವಧಿ 77 ಸೆಕೆಂಡು. ಬಿಲ್ ಅವಧಿ 65 ಸೆಕೆಂಡು. ನಡುವಿನ 12 ಸೆಕೆಂಡು ಬರೀ ರಿಂಗ್, ಅದಕ್ಕೆ ಹಣವಿಲ್ಲ. ನಿಮ್ಮ ಬಿಲ್ಲಿನಲ್ಲಿ ಮೊದಲ ಅಂಕಿ ಬಳಕೆಯಾಗಿದ್ದರೆ ಗಂಟೆ ಬಾರಿಸಿದ್ದಕ್ಕೂ ನೀವು ಕಾಸು ಕೊಡುತ್ತಿದ್ದೀರಿ.

ಸಾಲಿನ ಕೊನೆಯಲ್ಲಿ ಫಲಿತಾಂಶ ಇರುತ್ತದೆ: ಉತ್ತರಿಸಿದರು, ಉತ್ತರವಿಲ್ಲ, ಬಿಜಿ, ವಿಫಲ. ಇದರ ಜೊತೆಗೆ ‘ಅಕೌಂಟ್ ಕೋಡ್’ ಎಂಬ ಜಾಗವಿದೆ. ಬಹುಪಾಲು ಕಚೇರಿಗಳಲ್ಲಿ ಅದು ಖಾಲಿ ಬಿದ್ದಿರುತ್ತದೆ. ಹರಿಹರದ ಶಾಖೆಗೊಂದು ಕೋಡ್, ರಾಣೆಬೆನ್ನೂರಿನದಕ್ಕೊಂದು ಕೋಡ್ ಕೊಟ್ಟರೆ ತಿಂಗಳ ಕೊನೆಗೆ ಯಾರ ಖರ್ಚು ಯಾರದು ಎಂಬುದು ತಾನಾಗಿ ಬೇರೆಯಾಗುತ್ತದೆ. ವಕೀಲರು, ಆಡಿಟರುಗಳು ಕಕ್ಷಿದಾರರ ಹೆಸರಿಗೆ ಕರೆ ಲೆಕ್ಕ ಇಡಲು ಇದನ್ನೇ ಬಳಸಬಹುದು.

‘ಈಗೆಲ್ಲ ಅನ್‌ಲಿಮಿಟೆಡ್ ಅಲ್ವಾ, ಬಿಲ್ಲಿಂಗ್ ಯಾಕೆ?’ ಎಂದು ಕೇಳುವವರಿದ್ದಾರೆ. ಹೊರಹೋಗುವ ಸ್ಥಳೀಯ ಕರೆಗೆ ಅದು ನಿಜವಿರಬಹುದು. ಆದರೆ 1800ರಿಂದ ಶುರುವಾಗುವ ಟೋಲ್ ಫ್ರೀ ನಂಬರು ಗಿರಾಕಿಗೆ ಮಾತ್ರ ಫ್ರೀ, ಹಣ ಕೊಡುವವರು ನೀವು. ಕ್ಲೌಡ್ ಸೇವೆಯಲ್ಲಿ ಗುಂಡಿ ಒತ್ತಿದರೆ ಮೊದಲು ನಿಮ್ಮ ಹುಡುಗನಿಗೆ ರಿಂಗ್ ಮಾಡಿ, ಆಮೇಲೆ ಗಿರಾಕಿಗೆ ರಿಂಗ್ ಮಾಡಿ ಇಬ್ಬರನ್ನೂ ಕೂಡಿಸುತ್ತಾರೆ. ಅಲ್ಲಿ ನಡೆಯುವುದು ಎರಡು ಕರೆ, ಅನೇಕ ಪ್ಲಾನುಗಳಲ್ಲಿ ಎರಡಕ್ಕೂ ನಿಮಿಷ ಕಳೆಯುತ್ತದೆ. ಸೇರುವ ಮುನ್ನ ‘ಒಂದು ಕರೆಗೆ ಎಷ್ಟು ಲೆಗ್ ಎಣಿಸ್ತೀರಿ?’ ಎಂದೇ ಕೇಳಿ. ಈ ಕಸುಬಿನಲ್ಲಿ ಕರೆಯ ಒಂದೊಂದು ತುಂಡಿಗೂ ‘ಲೆಗ್’ ಎನ್ನುತ್ತಾರೆ.

ಪಲ್ಸ್, ಅಂದರೆ ಬಿಲ್ ಏರುವ ಒಂದೊಂದು ಹೆಜ್ಜೆಯ ಅವಧಿ, ಇನ್ನೂ ಮುಖ್ಯ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದು ಬಂದಾಗ ಜನ ಅದರತ್ತ ತಿರುಗಿದ್ದು ಸುಮ್ಮನೆ ಅಲ್ಲ. ಉದಾಹರಣೆಗೆ ಐದು ಕರೆ ತೆಗೆದುಕೊಳ್ಳಿ: 12, 35, 61, 64 ಮತ್ತು 130 ಸೆಕೆಂಡು. ಒಟ್ಟು 302 ಸೆಕೆಂಡು, ಐದು ನಿಮಿಷದ ಮೇಲೆ ಎರಡು ಸೆಕೆಂಡು. ಸೆಕೆಂಡಿನ ಪಲ್ಸ್ ಇದ್ದರೆ ಅಷ್ಟಕ್ಕೇ ಬಿಲ್. 60 ಸೆಕೆಂಡಿನ ಪಲ್ಸ್ ಇದ್ದರೆ 1, 1, 2, 2 ಮತ್ತು 3 ಸೇರಿ ಒಂಬತ್ತು ನಿಮಿಷ. ನಿಮಿಷದ ದರ ಒಂದೇ ಇದ್ದರೂ ಹಣ ಹತ್ತಿರಹತ್ತಿರ ದುಪ್ಪಟ್ಟು. ‘ಮಾಲು ಬಂತು, ಕಳಿಸ್ತೀವಿ’ ಎಂಬಂಥ ಚುಟುಕು ಕರೆಗಳೇ ಹೆಚ್ಚಿರುವ ವ್ಯಾಪಾರದಲ್ಲಿ ದರಕ್ಕಿಂತ ಪಲ್ಸ್ ನೋಡಬೇಕು. ದರಪಟ್ಟಿಯಲ್ಲಿ ಇದನ್ನು 60/60, 30/6, 1/1 ಎಂದು ಬರೆದಿರುತ್ತಾರೆ. ಮೊದಲ ಅಂಕಿ ಕನಿಷ್ಠ ಅವಧಿ, ಎರಡನೆಯದು ಆಮೇಲಿನ ಪ್ರತಿ ಹೆಜ್ಜೆ.

ವಿದೇಶಕ್ಕೆ ಕರೆ ಮಾಡುವವರು ಪ್ರಿಫಿಕ್ಸ್ ಅರಿತಿರಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ನಂಬರಿನ ಮೊದಲ ಅಂಕಿಗಳನ್ನು ದರಪಟ್ಟಿಯೊಂದಿಗೆ ಹೋಲಿಸಿ, ಹೆಚ್ಚು ಉದ್ದ ಹೊಂದುವ ಸಾಲಿನ ದರ ಹಚ್ಚುತ್ತದೆ. ಅಮೆರಿಕದ ಕೋಡ್ 1. ಕೆರಿಬಿಯನ್ ದ್ವೀಪ ಜಮೈಕಾದ ಕೋಡ್ 1876, ಅದೂ 1ರಿಂದಲೇ ಶುರು. ಆದರೆ ಜಮೈಕಾದ ದರ ಅಮೆರಿಕದ ಎಷ್ಟೋ ಪಟ್ಟು. ನಿಮ್ಮ ಪಟ್ಟಿಯಲ್ಲಿ ಬರೀ 1 ಇದ್ದು 1876 ಇಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನು ಅಗ್ಗದ ಅಮೆರಿಕ ಕರೆ ಎಂದು ಬಿಡುತ್ತದೆ, ಕಂಪನಿಯ ಬಿಲ್ ಮಾತ್ರ ಜಮೈಕಾ ದರದಲ್ಲಿ ಬರುತ್ತದೆ. ದುಬೈ ಕಡೆಗೆ 971 ಒಂದೇ ಸಾಲು ಸಾಲದು, 97150ರಂಥ ಮೊಬೈಲ್ ಸಾಲುಗಳೂ ಬೇರೆ ಬೇರೆ ಇರಬೇಕು.

ಬಾಗಿಲಿಗೆ ಬೀಗ

ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಸಗಟು ಅಂಗಡಿಯೊಂದಿದೆ. ಅಲ್ಲಿನ ಯಜಮಾನರು ಒಂದು ಸೋಮವಾರ ಬೆಳಿಗ್ಗೆ ಫೋನ್ ಮಾಡಿದರು. ಭಾನುವಾರ ಅಂಗಡಿ ಮುಚ್ಚಿದ್ದಾಗ ರಾತ್ರಿಯಿಡೀ ಕರೆಗಳು ಹೊರಹೋಗಿವೆ, ಎಲ್ಲ ಯಾವುದೋ ದ್ವೀಪಗಳಿಗೆ, ತಿಂಗಳ ಬಿಲ್ಲಿನ ಹಲವು ಪಟ್ಟು ಒಂದೇ ರಾತ್ರಿಗೆ. ‘ನೋಡ್ರೀ ಸಾರ್, ನಮ್ಮ ಅಂಗಡೀಲಿ ಫಾರಿನ್‌ಗೆ ಯಾರು ಫೋನ್ ಮಾಡ್ತಾರ್ರೀ?’ ಎಂದು ಕೇಳಿದರು. ಪ್ರಶ್ನೆಯಲ್ಲೇ ಉತ್ತರವಿತ್ತು. ಯಾರೂ ಮಾಡದ ಐಎಸ್‌ಡಿಯನ್ನು ಹಾಕಿಕೊಟ್ಟವರು ತೆರೆದಿಟ್ಟು ಹೋಗಿದ್ದರು. 100ನೇ ಎಕ್ಸ್‌ಟೆನ್ಷನ್ನಿಗೆ ಪಾಸ್‌ವರ್ಡ್ ಕೂಡ 100.

ಇದು ಯಾರೋ ಅವರ ಮೇಲಿನ ಹಗೆಗೆ ಮಾಡಿದ್ದಲ್ಲ. ಇಂಟರ್‌ನೆಟ್ಟಿಗೆ ತೆರೆದುಕೊಂಡ ಫೋನ್ ವ್ಯವಸ್ಥೆಗಳನ್ನು ಹಗಲಿರುಳು ತಟ್ಟಿ ನೋಡುವ ಪ್ರೋಗ್ರಾಮುಗಳಿವೆ. ಸಿಪ್ ಬಳಸುವ 5060ನೇ ಪೋರ್ಟನ್ನು ಬಡಿದು, ಒಂದೊಂದೇ ಎಕ್ಸ್‌ಟೆನ್ಷನ್ ಮತ್ತು ಪಾಸ್‌ವರ್ಡ್ ಪ್ರಯತ್ನಿಸುತ್ತವೆ. ಆ ಅಂಗಡಿಯ ಪೆಟ್ಟಿಗೆಯ ಲಾಗ್ ತೆರೆದಾಗ ‘ಫ್ರೆಂಡ್ಲಿ-ಸ್ಕ್ಯಾನರ್’ ಎಂಬ ಹೆಸರು ಪುಟಗಟ್ಟಲೆ ಕಂಡಿತು. ಒಳನುಗ್ಗಿದ ಮೇಲೆ ದುಬಾರಿ ನಂಬರುಗಳಿಗೆ ಕರೆ ಹೊಡೆಸುತ್ತಾರೆ, ಆ ದರದಲ್ಲಿ ಒಂದು ಪಾಲು ಅವರ ಕೈಸೇರುತ್ತದೆ. ಶನಿವಾರ ರಾತ್ರಿ, ಹಬ್ಬದ ರಜೆ ಅವರಿಗೆ ಸುಗ್ಗಿ.

ಬೀಗಗಳು ಸರಳ. ಬೇಡದ ಐಎಸ್‌ಡಿಯನ್ನು ಟ್ರಂಕ್ ಕೊಡುವ ಕಂಪನಿಯ ಕಡೆಯಲ್ಲೇ ಮುಚ್ಚಿಸಿ, ನಿಮ್ಮ ಪೆಟ್ಟಿಗೆಯಲ್ಲಿ ಮಾತ್ರ ಮುಚ್ಚಿದರೆ ಸಾಲದು. ಬೇಕಾದ ದೇಶಗಳನ್ನಷ್ಟೇ ತೆರೆಯಿರಿ. ಪ್ರತಿ ಎಕ್ಸ್‌ಟೆನ್ಷನ್ನಿಗೆ ಉದ್ದನೆಯ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಹೊರಗಿನಿಂದ ಸೇರುವವರು ವಿಪಿಎನ್ ಎಂಬ ಸುರಕ್ಷಿತ ದಾರಿಯ ಮೂಲಕ ಬರಲಿ. ತಪ್ಪು ಪಾಸ್‌ವರ್ಡ್ ಪದೇಪದೇ ಹೊಡೆಯುವ ವಿಳಾಸವನ್ನು ತಡೆಯುವ ಫೈಲ್2ಬ್ಯಾನ್‌ನಂಥ ತಂತ್ರಾಂಶ ಹಾಕಿಸಿ. ಬಿಲ್ಲಿಂಗ್ ಭಾಗದಲ್ಲಿ ದಿನದ ಮಿತಿ ಇಡಿ, ಅದು ಮುಟ್ಟಿದರೆ ಹೊರಕರೆ ನಿಂತು ನಿಮಗೆ ಎಸ್‌ಎಂಎಸ್ ಬರಲಿ. ಪ್ರೀಪೇಯ್ಡ್ ಖಾತೆ ಸಿಕ್ಕರೆ ಇನ್ನೂ ಒಳ್ಳೆಯದು, ಕಳೆದುಕೊಳ್ಳುವುದು ಇಟ್ಟಷ್ಟನ್ನೇ.

ಕಾನೂನಿನ ಗೆರೆ

ನಮ್ಮ ದೇಶದಲ್ಲಿ ಇಂಟರ್‌ನೆಟ್ ಟೆಲಿಫೋನಿಗೆ ಮೊದಲು ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ, ಅದೂ ಬಹಳ ಬಿಗಿಯಾಗಿ. ಕಾಲ್ ಸೆಂಟರುಗಳ ಮೇಲಿದ್ದ ನಿಯಮಗಳನ್ನು ದೂರಸಂಪರ್ಕ ಇಲಾಖೆ 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಬಹಳಷ್ಟು ಸಡಿಲಿಸಿತು, ನೋಂದಣಿಯ ಅಗತ್ಯವನ್ನೂ ತೆಗೆಯಿತು. ನಿಮ್ಮದೇ ಕಚೇರಿಗೆ, ಪರವಾನಗಿಯುಳ್ಳ ಕಂಪನಿಯ ಟ್ರಂಕ್ ತೆಗೆದುಕೊಂಡು ಐಪಿ ಪಿಬಿಎಕ್ಸ್ ನಡೆಸಲು ಇಂದು ಅಂಜಿಕೆ ಬೇಡ.

ಆದರೆ ದಾಟಬಾರದ ಗೆರೆಗಳಿವೆ. ವಿದೇಶದಿಂದ ಇಂಟರ್‌ನೆಟ್ ಮೇಲೆ ಬಂದ ಕರೆಯನ್ನು, ಹತ್ತಾರು ಸಿಮ್ ತುಂಬಿದ ಸಿಮ್ ಬಾಕ್ಸಿಗೆ ಹಾಕಿ ಸ್ಥಳೀಯ ಕರೆಯಾಗಿ ಬಿಡುವುದು ಅಪರಾಧ. ಬೆಂಗಳೂರಿನಲ್ಲಿ ಇಂಥ ಅಕ್ರಮ ಎಕ್ಸ್‌ಚೇಂಜುಗಳ ಮೇಲೆ ಪೊಲೀಸ್ ದಾಳಿಗಳಾಗಿವೆ. ‘ನಿಮ್ಮ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ, ತಿಂಗಳಿಗೆ ಬಾಡಿಗೆ ಕೊಡುತ್ತೇವೆ’ ಎಂದು ಬರುವವರನ್ನು ಹೊಸಿಲಿನಲ್ಲೇ ಮರಳಿಸಿ. ಬೇರೆಯವರಿಗೆ ಕರೆ ನಿಮಿಷ ಮಾರುವ ವ್ಯಾಪಾರಕ್ಕೂ ಪರವಾನಗಿ ಬೇಕು, ಬಿಲ್ಲಿಂಗ್ ಸಾಫ್ಟ್‌ವೇರ್ ಕೈಯಲ್ಲಿದ್ದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ. ಪ್ರಚಾರದ ಕರೆಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 140ರ ಸರಣಿಯ ನಂಬರುಗಳನ್ನು ಗೊತ್ತುಪಡಿಸಿದೆ, ಸಾಮಾನ್ಯ ಹತ್ತಂಕಿಯ ನಂಬರಿನಿಂದ ಅವನ್ನು ಮಾಡುವಂತಿಲ್ಲ. ಕರೆ ರೆಕಾರ್ಡ್ ಮಾಡುವುದಾದರೆ ಮೊದಲೇ ಗಿರಾಕಿಗೆ ತಿಳಿಸಿ. ಆ ಮಾತನ್ನು, ‘ಇದಕ್ಕೆ ಒಂದು ಒತ್ತಿ’ ಎಂಬ ಸೂಚನೆಯನ್ನು, ಕನ್ನಡದಲ್ಲಿ ನಿಮ್ಮವರ ದನಿಯಲ್ಲೇ ರೆಕಾರ್ಡ್ ಮಾಡಿಸಿ. ಹೊನ್ನಾಳಿಯಿಂದ ಫೋನ್ ಮಾಡುವ ರೈತರು ಮೊದಲ ಮಾತಿಗೇ ಗಲಿಬಿಲಿಗೊಳ್ಳಬಾರದು.

ಹಾಕಿಸುವಾಗ ಹಿಡಿಯಬೇಕಾದ ಕ್ರಮ

1. ಒಂದು ವಾರ ಕರೆಗಳನ್ನು ಎಣಿಸಿ. ಬಿಡುವಿಲ್ಲದ ಗಂಟೆ ಯಾವುದು, ಒಂದು ಕರೆ ಸರಾಸರಿ ಎಷ್ಟು ಹೊತ್ತು ಎಂದು ಬರೆದಿಡಿ. ಚಾನೆಲ್ ಸಂಖ್ಯೆ ಅದರಿಂದ ಬರಲಿ.

2. ದರಪಟ್ಟಿ ಬರವಣಿಗೆಯಲ್ಲಿ ಪಡೆಯಿರಿ. ಪಲ್ಸ್, ಕನಿಷ್ಠ ಅವಧಿ, ಲೆಗ್ ಲೆಕ್ಕ, ತಿಂಗಳ ಬಾಡಿಗೆ ಬೇರೆ ಬೇರೆ ನಮೂದಾಗಿರಲಿ. ಮೇಲೆ 18% ಜಿಎಸ್‌ಟಿ ಸೇರುತ್ತದೆ, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರುವಂತೆ ನೋಡಿಕೊಳ್ಳಿ.

3. ಹಳೆಯ ಲೈನನ್ನು ಕೂಡಲೇ ಕೀಳಿಸಬೇಡಿ. ಒಂದು ತಿಂಗಳು ಎರಡೂ ಇರಲಿ.

4. ವ್ಯವಸ್ಥೆಯ ಗಡಿಯಾರ ಇಂಟರ್‌ನೆಟ್ ಸಮಯಕ್ಕೆ ತಾನಾಗಿ ಹೊಂದಿಕೊಳ್ಳುತ್ತಿದೆಯೇ ನೋಡಿ. ಗಡಿಯಾರ ತಪ್ಪಿದ್ದರೆ ಯಾವ ಲೆಕ್ಕವೂ ತಾಳೆಯಾಗದು.

5. ಹಾಕಿಕೊಟ್ಟವರು ಇರುವಾಗಲೇ ಹತ್ತು ಕರೆ ಮಾಡಿ. ಕೆಲವು ಎತ್ತಲಿ, ಕೆಲವು ಎತ್ತದಿರಲಿ, ಒಂದನ್ನು ಟ್ರಾನ್ಸ್‌ಫರ್ ಮಾಡಿ. ಮೊಬೈಲಿನ ಕಾಲ್ ಲಾಗ್ ಪಕ್ಕದಲ್ಲಿಟ್ಟು ಹತ್ತೂ ಸಾಲು ಒಂದೊಂದಾಗಿ ತಾಳೆ ನೋಡಿ. ತಾಳೆಯಾದ ಮೇಲೆ ಬಾಕಿ ಹಣ ಕೊಡಿ.

6. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಗೆ ಬರಲಿ, ಬೀರುವಿನಲ್ಲಿ ಮುಚ್ಚಿದ ಲಕೋಟೆಯಲ್ಲಿರಲಿ. ಪೂರ್ತಿ ಸೆಟ್ಟಿಂಗಿನ ಬ್ಯಾಕಪ್ ಬೇರೆ ಕಡೆ ಇಡಿ.

7. ಪ್ರತಿ ತಿಂಗಳು ಕಂಪನಿಯ ಬಿಲ್ ಬಂದಾಗ ನಿಮ್ಮ ಪಟ್ಟಿಯ ಒಟ್ಟು ನಿಮಿಷಗಳ ಜೊತೆ ಹೋಲಿಸಿ. ಚೂರು ವ್ಯತ್ಯಾಸ ಸಹಜ. ದೊಡ್ಡದಿದ್ದರೆ ಆ ತಿಂಗಳೇ ಕೇಳಿ, ತಡವಾದಷ್ಟೂ ದೂರು ಹಗುರಾಗುತ್ತದೆ.

ಎತ್ತದ ಕರೆಗಳ ಲೆಕ್ಕ

ಆ ದಾವಣಗೆರೆ ಅಂಗಡಿಗೆ ಬೀಗಗಳನ್ನೆಲ್ಲ ಹಾಕಿ ಮುಗಿಸಿದ ಮೇಲೆ ಯಜಮಾನರ ಪಕ್ಕ ಕೂತು ಒಂದು ತಿಂಗಳ ಪಟ್ಟಿ ತೆರೆದೆ. ಖರ್ಚಿನ ಸಾಲುಗಳನ್ನು ಬಿಟ್ಟು, ‘ಉತ್ತರವಿಲ್ಲ’ ಎಂದಿದ್ದ ಒಳಬಂದ ಕರೆಗಳನ್ನಷ್ಟೇ ಸೋಸಿ ಹೊತ್ತಿನ ಪ್ರಕಾರ ಜೋಡಿಸಿದೆವು. ಬಹುಪಾಲು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯೊಳಗೆ. ಕೌಂಟರಿನ ಇಬ್ಬರು ಹುಡುಗರೂ ಒಟ್ಟಿಗೆ ಊಟಕ್ಕೆ ಹೋಗುವ ಹೊತ್ತು ಅದು. ಯಜಮಾನರು ಕನ್ನಡಕ ಏರಿಸಿ ನಂಬರುಗಳನ್ನು ಒಂದೊಂದಾಗಿ ಓದಿದರು. ‘ಇದು ಚನ್ನಗಿರಿ ಗ್ಯಾರೇಜಿನವರದು. ಇದು ಹರಪನಹಳ್ಳಿಯವರದು. ಇವರು ಈಚೆಗೆ ನಮ್ಮ ಕಡೆ ಬರೋದೇ ಬಿಟ್ಟಾರಲ್ರೀ’ ಎಂದು ಸುಮ್ಮನಾದರು. ಅವರ ಲೆಡ್ಜರಿನಲ್ಲಿ ಬಂದ ಹಣಕ್ಕೆ ಜಾಗವಿತ್ತು, ಹೋದ ಹಣಕ್ಕೂ ಜಾಗವಿತ್ತು. ಬಾಗಿಲವರೆಗೆ ಬಂದು ತಿರುಗಿ ಹೋದ ಗಿರಾಕಿಗಳು ಮಾತ್ರ ಇಷ್ಟು ದಿನ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಂತಾಗಿದ್ದರು.

ಅದಕ್ಕೆ ಬೇಕಾದದ್ದು ಹೊಸ ಯಂತ್ರವಲ್ಲ. ಆ ಒಂದು ಗಂಟೆ ಕರೆಗಳು ಹರಿಹರದ ಶಾಖೆಗೆ ಹೋಗುವಂತೆ ಒಂದು ನಿಯಮ ಬರೆದೆ. ಹುಡುಗರ ಊಟದ ಹೊತ್ತನ್ನು ಯಜಮಾನರು ಅರ್ಧ ಗಂಟೆ ಹಿಂದೆ ಮುಂದೆ ಮಾಡಿದರು. ಆಮೇಲೆ ಪಟ್ಟಿಯಲ್ಲಿದ್ದ ಚನ್ನಗಿರಿಯ ನಂಬರಿಗೆ ತಾವೇ ಡಯಲ್ ಮಾಡಿದರು. ಆ ಕಡೆ ರಿಂಗ್ ಆಗುತ್ತಿದ್ದಂತೆ ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು. ಹನ್ನೆರಡನೆಯ ಸೆಕೆಂಡಿಗೆ ಆ ಕಡೆಯವರು ಫೋನ್ ಎತ್ತಿದರು.